ಮೂವತ್ತೊಂದಕ್ಕೆ ಹೋಗಿ

ಏಪ್ರಿಲ್ ೨೨, ಸೋಮವಾರ

ಇವತ್ತಿನಿಂದ ದಿನಚರಿ. ಹೆಂಡತಿಯ ಆಜ್ಞೆ. "ರೀ, ನಿಮ್ಮ ಜೋಕುಗಳನ್ನ ಎಲ್ಲಾದ್ರೂ ಬರೆದಿಟ್ಕೊಳ್ಳಿ, ನನಗೆ ಹೇಳ್ಬೇಡಿ" ಅಂದಳು. ಆಸ್ಪತ್ರೆಯಲ್ಲಿ ಮಾತ್ರೆ ಕೊಡುವ ಕಿಟಕಿಯ ಹಿಂದೆ ನಿಂತು ದಿನಕ್ಕೆ ಮುನ್ನೂರು ಜನರ ಗೋಳು ಕೇಳಿ ಬರುತ್ತಾಳೆ. ಮುನ್ನೂರ ಒಂದನೆಯವನಾದ ನನ್ನ ಪಾಲಿಗೆ ಕಿಟಕಿ ಮುಚ್ಚಿರುತ್ತದೆ.

ನಮ್ಮ ಪರಿಸರ ಅಧ್ಯಯನ ಕೇಂದ್ರದಲ್ಲಿ ಎಂಟು ಮಂದಿ. ಏಳು ಜನ ಗಾಳಿ, ನೀರು, ಉಪ್ಪು, ಮಣ್ಣು ಅಳೆಯುವವರು. ಎಂಟನೆಯವನು ನಾನು, ಸಮಾಜವಿಜ್ಞಾನಿ. ಅವರ ಪಾಲಿಗೆ ಗಾಳಿಪಟ ಅವರು, ಬಾಲಂಗೋಚಿ ನಾನು. ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟಿದ್ದಾರೆ. "ಸಮಾಜ ಬಂತಾ?" "ಇಲ್ಲ, ಸಮಾಜ ಇನ್ನೂ ಕಾಫಿ ಕುಡೀತಿದೆ." "ಸಮಾಜ ಯಾವಾಗ್ಲೂ ಹಿಂದೇನೇ ಬಿಡಪ್ಪ."

ಹಿಂದೆ ಬಿದ್ದ ಸಮಾಜ ಇವತ್ತು ಒಂದು ಹೆಜ್ಜೆ ಮುಂದಿಟ್ಟಿತು. ಅದನ್ನು ಬರೆದಿಡಬೇಕು.

ಸಮುದ್ರ ಏರುತ್ತಿದೆ. ದೊಡ್ಡ ಉಬ್ಬರ ಬಂದಾಗ ನದಿಯ ಬಾಯಿಂದ ನೀರು ಚರಂಡಿಗಳೊಳಗೆ ಹಿಮ್ಮುಖವಾಗಿ ನುಗ್ಗಿ ಊರಿನ ಹನ್ನೊಂದು ಬೀದಿಗಳಲ್ಲಿ ಮೇಲೇಳುತ್ತದೆ. ನಗರಸಭೆ ಈ ವರ್ಷ ನಾಲ್ಕೇ ಬೀದಿಗಳಿಗೆ ಚರಂಡಿ ಬಾಯಿಗೊಂದು ಕದ, ಒಂದು ಪಂಪು ಹಾಕಿಸಬಲ್ಲದು. ಯಾವ ನಾಲ್ಕು ಅಂತ ಹೇಳಬೇಕಾದವರು ನಾವು. ನೀರು ಎಷ್ಟು ಆಳ ನಿಲ್ಲುತ್ತದೆ ಅಂತ ಮೂರು ವರ್ಷದಿಂದ ಅಳೆದವಳು ನಮ್ಮ ಜಲವಿಜ್ಞಾನಿ. ಮೂವತ್ತು ದಾಟದ ಹೆಣ್ಣುಮಗಳು, ಎಲ್ಲರ ಬಾಯಲ್ಲಿ ನೀರಮ್ಮ. ಜನಕ್ಕೆ ಎಷ್ಟು ನಷ್ಟ ಅಂತ ಮನೆಮನೆಗೆ ಪ್ರಶ್ನಾವಳಿ ಹಿಡಿದು ಹೋಗಿ ಅಳೆದವನು ನಾನು. ಅವಳ ಆಳವನ್ನು ನನ್ನ ನಷ್ಟದಿಂದ ಗುಣಿಸಿದರೆ ಬೀದಿಯ ಅಂಕ.

ಸಭೆಯಲ್ಲಿ ನೀರಮ್ಮ ಕೈ ಎತ್ತಿದಳು. "ಸರ್, ಒಂದು ಅರ್ಥ ಆಗ್ತಿಲ್ಲ. ತಗ್ಗಿನ ಬೀದೀಲಿ ನನ್ನ ಅಳತೆಗೋಲು ವರ್ಷಕ್ಕೆ ಇಪ್ಪತ್ತು ಸಲ ಮುಳುಗುತ್ತೆ. ನಿಮ್ಮ ಪಟ್ಟೀಲಿ ಆ ಬೀದಿಗೆ ನಷ್ಟ ಸೊನ್ನೆ. ಗುಣಿಸಿದ್ರೆ ಹನ್ನೊಂದನೇ ಸ್ಥಾನ. ನೀರು ಸುಳ್ಳು ಹೇಳ್ತಿದ್ಯಾ, ಜನ ಸುಳ್ಳು ಹೇಳ್ತಿದಾರಾ?"

ಏಳು ಜೊತೆ ಕಣ್ಣು ನನ್ನ ಮೇಲೆ. ಒಂದು ಕ್ಷಣ ಗಂಟಲು ಒಣಗಿತು. ಆಮೇಲೆ ಸರಸ್ವತಿ ನಾಲಿಗೆಯ ಮೇಲೆ ಕಾಲು ಚಾಚಿ ಕೂತಳು.

"ಇಬ್ಬರೂ ಅಲ್ಲ," ಅಂದೆ. "ಇದನ್ನ ನಾವು ರೂಢಿಗತ ಸಹನೆ ಅಂತೀವಿ. ಹುಟ್ಟಿದಾಗಿನಿಂದ ನೀರು ನೋಡಿದೋರಿಗೆ ನೀರು ಬಂದದ್ದು ನಷ್ಟ ಅನ್ನಿಸಲ್ಲ, ದಿನಚರಿ ಅನ್ನಿಸುತ್ತೆ. ನೀವು ನೀರು ಎಷ್ಟು ಅಂತ ಕೇಳ್ತೀರಿ, ನಾವು ನೀರು ಅಂದ್ರೆ ಯಾರಿಗೆ ಏನು ಅಂತ ಕೇಳ್ತೀವಿ. ಸಮುದ್ರ ಒಂದೇ, ಹೊಸಿಲು ಬೇರೆ ಬೇರೆ."

ನಿರ್ದೇಶಕರು ಮೇಜು ಕುಟ್ಟಿದರು. "ನೋಡ್ರಯ್ಯಾ, ಇದಕ್ಕೇ ಒಬ್ಬ ಸಮಾಜ ಬೇಕು ಅನ್ನೋದು! ಇದೇ ಮಾತು ನಾಲ್ಕನೇ ಅಧ್ಯಾಯಕ್ಕೆ ಹೋಗ್ಲಿ."

ಹವಾಮಾನ ಬದಲಾವಣೆಯಲ್ಲಿ ಹವಾ ಅವರ ಪಾಲು, ಮಾನ ನನ್ನ ಪಾಲು. ಹೆಂಡತಿಗೆ ಹೇಳಿದೆ. ಕಿಟಕಿ ಮುಚ್ಚಿತ್ತು.

ಏಪ್ರಿಲ್ ೨೯, ಸೋಮವಾರ

ಮೇ ಇಪ್ಪತ್ತೈದಕ್ಕೆ ನಗರಸಭೆಯಲ್ಲಿ ವರದಿ ಮಂಡನೆ. ಕೋಟು ಹಾಕಿ ನೋಡಿದರೆ ಗುಂಡಿಗೂ ಕಾಜಕ್ಕೂ ಮೂರು ಇಂಚು ಮನಸ್ತಾಪ. "ಕೋಟು ಚಿಕ್ಕದಾಯ್ತು" ಅಂದೆ. "ಹೌದು, ಕೋಟೇ ಚಿಕ್ಕದಾಗಿದ್ದು" ಅಂದಳು ಹೆಂಡತಿ.

ತಗ್ಗಿನ ಬೀದಿಯ ಹೊಲಿಗೆಯಮ್ಮನ ಹತ್ತಿರ ಕೊಟ್ಟು ಬಂದೆ. ನಮ್ಮ ಪಟ್ಟಿಯಲ್ಲಿ ಆಕೆ ಮಾಹಿತಿದಾತೆ ೪೧. ಫೆಬ್ರವರಿಯಲ್ಲಿ ನಾನೇ ಕೂತು ಪ್ರಶ್ನೆ ಕೇಳಿದ ಮನೆ. ಅರವತ್ತರ ಆಸುಪಾಸು, ಬಾಯಿ ತುಂಬ ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ಮಾತಾಡುತ್ತಾಳೆ, ಮಾತು ಚುಚ್ಚಿದರೆ ಆಶ್ಚರ್ಯವಿಲ್ಲ. ಒಳಗೆ ಮಂಚದ ಮೇಲೆ ಆಕೆಯ ನಾದಿನಿ. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ಸೊಂಟದಿಂದ ಮೇಲೆ, ಮುಖ್ಯವಾಗಿ ನಾಲಿಗೆ, ಪೂರ್ತಿ ಸ್ವಾಧೀನದಲ್ಲಿದೆ.

"ಪ್ರಶ್ನೆ ಮೇಷ್ಟ್ರು ಬಂದ್ರು ಕಣೆ," ಅಂತ ನಾದಿನಿ ಒಳಗಿಂದಲೇ ಸಾರಿದಳು.

ಹೊಲಿಗೆಯಮ್ಮ ಟೇಪು ಸುತ್ತಿ ಎದೆ, ಹೆಗಲು, ತೋಳು ಅಳೆದು ಒಂದು ದಪ್ಪ ಪುಸ್ತಕದಲ್ಲಿ ಬರೆದುಕೊಂಡಳು. ಬರೆಯುತ್ತಾ, "ಅವತ್ತು ಅಷ್ಟು ದೊಡ್ಡ ಕಾಗದದ ಕಟ್ಟು ತಂದಿದ್ರಿ ಮೇಷ್ಟ್ರೇ. ಇವತ್ತು ಮಧ್ಯಾಹ್ನದ ಹೊಲಿಗೆ ಕೆಟ್ಟ ಹಾಗೇ ಅಂದ್ಕೊಂಡೆ. ಹನ್ನೆರಡೇ ನಿಮಿಷಕ್ಕೆ ಎದ್ದುಬಿಟ್ರಿ. ನಾನು ಏನೋ ಹೇಳೋಳಿದ್ದೆ, ನೀವು ಪುಟ ತಿರುವಿಬಿಟ್ರಿ" ಅಂದಳು.

"ನಿಮ್ಮ ಸಮಯ ಉಳಿಸಿದೆ ನೋಡಿ" ಅಂದೆ.

"ಉಳಿಸಿದ್ರಿ ಉಳಿಸಿದ್ರಿ," ಅಂದಳು ನಾದಿನಿ. "ಉಳಿದ ಸಮಯದಲ್ಲಿ ನಾನು ಸೂರಿನ ಹಂಚು ಎಣಿಸಿದೆ."

ಕೋಟು ಹದಿನಾಲ್ಕಕ್ಕೆ ಸಿಗುತ್ತದಂತೆ.

ಮೇ ೬, ಸೋಮವಾರ

ಇವತ್ತು ನಡೆದದ್ದನ್ನು ಬರೆಯಬೇಕೋ ಬೇಡವೋ ಅಂತ ಪೆನ್ನಿನ ಮುಚ್ಚಳ ಮೂರು ಸಲ ತೆಗೆದು ಮೂರು ಸಲ ಹಾಕಿದೆ.

ನಾಲ್ಕನೆಯ ಅಧ್ಯಾಯಕ್ಕೆ ಒಂದೆರಡು ಉತ್ತರಗಳನ್ನು ಜನರ ಮಾತಿನಲ್ಲೇ ಉದ್ಧರಿಸೋಣ ಅಂತ ಬೀರುವಿನಿಂದ ತಗ್ಗಿನ ಬೀದಿಯ ಕಟ್ಟು ತೆಗೆದೆ. ತೊಂಬತ್ತಾರು ಮನೆ, ತೊಂಬತ್ತಾರು ಪ್ರಶ್ನಾವಳಿ. ಮೊದಲನೆಯದರಲ್ಲಿ ಹದಿನೆಂಟರಿಂದ ಮೂವತ್ತರವರೆಗೆ ಖಾಲಿ. ಎರಡನೆಯದು ಖಾಲಿ. ಹತ್ತನೆಯದು, ಇಪ್ಪತ್ತನೆಯದು, ನಲವತ್ತೊಂದನೆಯದು ಖಾಲಿ. ತೊಂಬತ್ತಾರೂ ಖಾಲಿ.

ಹದಿನೇಳನೆಯ ಪ್ರಶ್ನೆ: "ಜಾಗತಿಕ ಹವಾಮಾನ ಬದಲಾವಣೆಯ ಬಗ್ಗೆ ನಿಮಗೆ ತಿಳಿದಿದೆಯೇ?" ಕೆಳಗೆ ಎರಡು ಚೌಕ. 'ಹೌದು' ಚೌಕದ ಪಕ್ಕ ಏನಿಲ್ಲ. 'ಇಲ್ಲ' ಚೌಕದ ಪಕ್ಕ ಒಂದು ಪುಟ್ಟ ಬಾಣ, "೩೧ಕ್ಕೆ ಹೋಗಿ."

ಆ ಬಾಣ ನನ್ನದು. ಮೊದಲ ಕರಡು ಕೇಳಿ ಮುಗಿಸಲು ನಲವತ್ತು ನಿಮಿಷ ಹಿಡಿಯುತ್ತಿತ್ತು. ಗೊತ್ತೇ ಇಲ್ಲದವರ ಹತ್ತಿರ ಅದರ ಪರಿಣಾಮ ಕೇಳುವುದು ತರ್ಕಕ್ಕೆ ವಿರುದ್ಧ ಅಂತ ಯೋಚಿಸಿ, ಸಭೆಯಲ್ಲಿ ಹೊಗಳಿಸಿಕೊಂಡು, ಬಾಣ ಹಾಕಿದೆ. ಆ ಬಾಣ ಹಾರಿಸಿದ ಹದಿಮೂರು ಪ್ರಶ್ನೆಗಳು ಯಾವುವು? ಮನೆಗೆ ನೀರು ಬರುತ್ತದೆಯೇ. ಎಷ್ಟು ದಿನ ನಿಲ್ಲುತ್ತದೆ. ಏನೇನು ಹಾಳಾಯಿತು. ಯಾರಿಗೆ ಕಾಯಿಲೆಯಾಯಿತು. ಎಷ್ಟು ದಿನದ ಕೆಲಸ ಹೋಯಿತು. ತಡೆಯಲು ನೀವೇನು ಮಾಡಿದಿರಿ.

ತಗ್ಗಿನ ಬೀದಿಯವರು 'ಜಾಗತಿಕ ಹವಾಮಾನ ಬದಲಾವಣೆ' ಎಂಬ ಮೂರು ಪದ ಕೇಳಿ ಪ್ರಾಮಾಣಿಕವಾಗಿ "ಇಲ್ಲಪ್ಪ" ಅಂದರು. ನಾವು ಪುಟ ತಿರುವಿದೆವು. ಪೇಪರು ಓದುವ ತೋಟದ ರಸ್ತೆಯವರು "ಅಯ್ಯೋ ಗೊತ್ತಿಲ್ದೇ ಏನು!" ಅಂದು, ಗುಲಾಬಿ ಎರಡು ವಾರ ಮೊದಲೇ ಅರಳಿದ್ದನ್ನೂ ಹುಲ್ಲುಹಾಸು ಹಳದಿಯಾದದ್ದನ್ನೂ ಪುಟಗಟ್ಟಲೆ ಬರೆಸಿದ್ದಾರೆ. ವರ್ಷಕ್ಕೊಮ್ಮೆ ಪಾದ ನೆನೆಯುವ ಅವರ ರಸ್ತೆಗೆ ಎರಡನೆಯ ಸ್ಥಾನ.

ಗಣಕಯಂತ್ರ ಖಾಲಿಯನ್ನು ಸೊನ್ನೆ ಎಂದು ಓದಿತು. ನಾನು ಸೊನ್ನೆಯನ್ನು ಸಹನೆ ಎಂದು ಓದಿದೆ. ಯಂತ್ರಕ್ಕಾದರೂ ಪದವಿ ಇಲ್ಲ.

ಮೂವತ್ತೊಂದನೆಯ ಪ್ರಶ್ನೆ ಏನೆಂದು ನನಗೇ ಮರೆತಿತ್ತು. ನೋಡಿದೆ: "ಈ ಸಮೀಕ್ಷೆಯ ಬಗ್ಗೆ ನಿಮಗೆ ತೃಪ್ತಿ ಇದೆಯೇ?" ತಗ್ಗಿನ ಬೀದಿಯಲ್ಲಿ ಶೇಕಡಾ ತೊಂಬತ್ತಾರು ಮಂದಿ ತೃಪ್ತರು.

ಮೇ ೭, ಮಂಗಳವಾರ

ತಲೆನೋವು ಅಂತ ರಜೆ ಹಾಕಿದೆ. ತಲೆ ನೋಯುತ್ತಿರಲಿಲ್ಲ.

ಕಪಾಟಿನಲ್ಲಿ ನನ್ನದೇ ಹಳೆಯ ಲೇಖನ ಸಿಕ್ಕಿತು. ಕೇಂದ್ರದಲ್ಲಿ ಕೆಲಸ ಸಿಕ್ಕಿದ್ದೇ ಅದರಿಂದ. ಶೀರ್ಷಿಕೆ: 'ಯಾರ ದನಿ ಲೆಕ್ಕಕ್ಕೆ ಬರುತ್ತದೆ?' ಹಿಂದಕ್ಕೆ ತಳ್ಳಿ ಮುಂದೆ ನಿಘಂಟು ಇಟ್ಟೆ.

ಮೇ ೧೦, ಶುಕ್ರವಾರ

ಮೊನ್ನೆ, ನಿನ್ನೆ ಅಮಾವಾಸ್ಯೆಯ ಉಬ್ಬರ. ತಗ್ಗಿನ ಬೀದಿಗೆ ನೀರು ಬಂತು ಅಂತ ಕಚೇರಿಯಲ್ಲಿ ಯಾರೋ ಅಂದರು. ನನ್ನ ಕಡೆ ನೋಡಿಯೇನೂ ಅನ್ನಲಿಲ್ಲ. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವನು ಯಾರೆಂದು ಈಗ ಗೊತ್ತಾಯಿತು, ನಮ್ಮ ವಂಶದವನೇ.

ನೀರಮ್ಮನ ಕೋಣೆಗೆ ಹೋದೆ. ಬಾಗಿಲ ಹಿಂದೆ ಕೆಸರು ಮೆತ್ತಿದ ಬೂಟು, ಮೇಜಿನ ಮೇಲೆ ಒದ್ದೆ ನೋಟ್‌ಬುಕ್ಕು ಒಣಗಲು ಅಂಗಾತ ಮಲಗಿತ್ತು.

"ಅಲ್ಲಮ್ಮ, ಸುಮ್ನೆ ಕೇಳ್ತಿದೀನಿ. ಪಟ್ಟೀಲಿ ಎಲ್ಲಾದ್ರೂ ಸೊನ್ನೆ ಇದ್ರೆ ಅದನ್ನ 'ಮಾಹಿತಿ ಇಲ್ಲ' ಅಂತ ಮಾಡೋಕಾಗುತ್ತಾ?"

"ಯಾವ ಸೊನ್ನೆ ಸರ್?"

"ಯಾವುದೋ ಒಂದು."

"ಲೆಕ್ಕ ಮುಗಿದು ನಿರ್ದೇಶಕರ ಸಹಿಯೂ ಆಗಿದೆಯಲ್ಲ. ಬದಲಾಯಿಸಬೇಕು ಅಂದ್ರೆ ಕಾರಣ ಬರೆದುಕೊಡಬೇಕು. ನೀವು ಬರೆದುಕೊಡಿ, ನಾನು ಇವತ್ತೇ ಮಾಡ್ತೀನಿ." ಪೆನ್ನು ಕೂಡ ಮುಂದೆ ಚಾಚಿದಳು.

"ಏನಿಲ್ಲ ಬಿಡಮ್ಮ, ಹಾಗೇ ಕೇಳಿದೆ."

ಹೊರಗೆ ಬರುವಾಗ ಬೆನ್ನ ಹಿಂದೆ, "ಸರ್, ರೂಢಿಗತ ಸಹನೆ ಅಂದ್ರಲ್ಲ, ಅದರ ಬಗ್ಗೆ ಓದೋಕೆ ಏನಾದ್ರೂ ಕೊಡ್ತೀರಾ?" ಅಂದಳು. ಕೊಡುತ್ತೇನೆ ಅಂದೆ. ಎಲ್ಲಿಂದ ತಂದು ಕೊಡಲಿ? ಅದು ಹುಟ್ಟಿದ್ದೇ ಆ ಸಭೆಯಲ್ಲಿ, ನನ್ನ ಒಣಗಿದ ಗಂಟಲಲ್ಲಿ.

ಬರೆದುಕೊಟ್ಟರೆ ಏನಾಗುತ್ತದೆ ಅಂತಲೂ ಗೊತ್ತು. 'ನೋಡಿದ್ರಾ, ಸಮಾಜಕ್ಕೆ ಲೆಕ್ಕ ಬರಲ್ಲ' ಅಂತಾರೆ. ಎಂಟನೆಯ ಕುರ್ಚಿ ತೆಗೆದು ಇನ್ನೊಂದು ಮಣ್ಣು ಅಳೆಯುವ ಯಂತ್ರ ಇಡುತ್ತಾರೆ. ಆಮೇಲೆ ಜನರ ಪರವಾಗಿ ಕೇಳುವವರು ಯಾರು? ಜನರ ಒಳಿತಿಗಾಗಿಯೇ ಸುಮ್ಮನಿರಬೇಕು ಅಂತ ಊಟದ ಹೊತ್ತಿಗೆ ಚೆನ್ನಾಗಿ ಸಿದ್ಧವಾಯಿತು ವಾದ.

ಮೇ ೧೪, ಮಂಗಳವಾರ

ಕೋಟು ತರಲು ಹೋದೆ. ಬೀದಿಯ ಗೋಡೆಗಳಿಗೆ ಮೊಣಕಾಲೆತ್ತರಕ್ಕೆ ಕಂದು ಗೆರೆ. ಫೆಬ್ರವರಿಯಲ್ಲೂ ಇದ್ದಿರಬೇಕು. ಕೈಯಲ್ಲಿ ಪ್ರಶ್ನಾವಳಿ ಇದ್ದದ್ದರಿಂದ ಗೋಡೆ ನೋಡಿರಲಿಲ್ಲ.

"ಕೋಟು ಆಗಿಲ್ಲ ಮೇಷ್ಟ್ರೇ. ನೀರು ಬಂದಿತ್ತು. ನಾಲ್ಕು ದಿನ ಮಿಷನ್ನು ಅಟ್ಟದ ಮೇಲೆ. ಕೂತ್ಕೊಳ್ಳಿ, ತೋಳಿನ ಅಳತೆ ಒಂದ್ಸಲ ನೋಡ್ತೀನಿ."

ಕೂತೆ. ಹೊಲಿಗೆ ಮಿಷನ್ನಿನ ನಾಲ್ಕು ಕಾಲ ಕೆಳಗೆ ಎರಡೆರಡು ಇಟ್ಟಿಗೆ. ನಾದಿನಿಯ ಮಂಚದ ಕಾಲಿಗೆ ನಾಲ್ಕು ನಾಲ್ಕು.

"ಲೆಕ್ಕ ಮಾಡ್ತಿದೀರಾ?" ಅಂದಳು ನಾದಿನಿ. "ಎಂಟು ವರ್ಷದ ಹಿಂದೆ ಒಂದೇ ಇಟ್ಟಿಗೆ. ಈಗ ನಾಲ್ಕು. ಈ ಮನೇಲಿ ವರ್ಷದಿಂದ ವರ್ಷಕ್ಕೆ ಮೇಲೇರ್ತಿರೋಳು ನಾನೊಬ್ಬಳೇ. ಇನ್ನೆರಡು ಇಟ್ಟಿಗೆಗೆ ಸೂರು ಸಿಗುತ್ತೆ, ಅಲ್ಲಿಂದ ಸೀದಾ ಸ್ವರ್ಗ."

"ಸುಮ್ನಿರೆ," ಅಂದಳು ಹೊಲಿಗೆಯಮ್ಮ. ನಗುತ್ತಿರಲಿಲ್ಲ. "ಸೆಪ್ಟೆಂಬರಿನ ಉಬ್ಬರ ಇನ್ನೂ ದೊಡ್ಡದು. ಹೋದ ಸಲ ಅವಳನ್ನ ಹೊತ್ತು ಆಚೆ ಮನೆ ಮಹಡಿಗೆ ಹಾಕೋಕೆ ನಾಲ್ಕು ಜನ ಬೇಕಾಯ್ತು. ಆ ಮನೆಯೋರು ಈಗ ಬಿಟ್ಟುಹೋದ್ರು. ಈ ಸಲ ಪಂಪು ಬರುತ್ತಂತಲ್ಲ ಮೇಷ್ಟ್ರೇ, ನಿಮ್ಮ ವರದಿ ಆದ್ಮೇಲೆ?"

"ನೋಡೋಣ" ಅಂದೆ. ಮೂರಕ್ಷರದ ಸುಳ್ಳು.

ತೋಳಿನ ಅಳತೆ ನೋಡಲು ಆ ದಪ್ಪ ಪುಸ್ತಕ ತೆರೆದಳು. ಪಕ್ಕದ ಪುಟ ಕಣ್ಣಿಗೆ ಬಿತ್ತು. 'ಬ್ಯಾಂಕಿನ ಅಣ್ಣ, ಪ್ಯಾಂಟು, ಸೊಂಟ ೩೬.' ಅದರ ಕೆಳಗೆ 'ನೀರು. ಬಾಗಿಲಲ್ಲಿ ೯, ಒಲೆ ಹತ್ತಿರ ೧೧. ನಿಂತದ್ದು ೨ ದಿನ.' ಅದರ ಕೆಳಗೆ 'ನರ್ಸಮ್ಮ, ಸಮವಸ್ತ್ರ.' ಪುಟ ತಿರುವಿದೆ. ಹತ್ತು ಗಿರಾಕಿಗೊಂದು ಸಲ ನೀರು. ತಾರೀಕು, ಇಂಚು, ನಿಂತ ದಿನ. ಹದಿನಾರು ವರ್ಷದ್ದು.

"ಇದನ್ನ ಯಾಕೆ ಇದರಲ್ಲಿ ಬರೀತೀರಿ?"

"ಅಳತೆ ಅಂದ್ಮೇಲೆ ಅಳತೆ ಪುಸ್ತಕದಲ್ಲೇ ತಾನೆ? ಇವನೂ ಒಬ್ಬ ಗಿರಾಕಿ. ಹೇಳದೇ ಬರ್ತಾನೆ, ವರ್ಷ ವರ್ಷ ದಪ್ಪ ಆಗ್ತಾನೆ."

"ಅವತ್ತು ನನಗೆ ಹೇಳಲಿಲ್ಲವಲ್ಲ."

ಹೊಲಿಗೆಯಮ್ಮ ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದಳು. "ಕೇಳಿದ್ರಾ?"

ಮೇ ೧೬, ಗುರುವಾರ

ದಾರಿ ಸಿಕ್ಕಿತು ಅಂದುಕೊಂಡೆ. ಅವಳ ಅನುಮತಿ ಕೇಳಿ ಪುಸ್ತಕದ ಪುಟಗಳ ಚಿತ್ರ ತೆಗೆದು, ವರದಿಯ ಕೊನೆಗೆ ಅನುಬಂಧವಾಗಿ ಸೇರಿಸಲು ಕೊಟ್ಟೆ: 'ಸ್ಥಳೀಯ ಜ್ಞಾನದ ಅಪೂರ್ವ ದಾಖಲೆ.' ಯಾರಾದರೂ ಓದಿದರೆ ತಾವೇ ಅರ್ಥ ಮಾಡಿಕೊಳ್ಳುತ್ತಾರೆ, ನಾನು ಬಾಯಿಬಿಡಬೇಕಾಗಿಲ್ಲ.

ಅರ್ಥ ಯಾರೂ ಮಾಡಿಕೊಳ್ಳಲಿಲ್ಲ. ಅಪ್ಪಿಕೊಂಡರು. ನಿರ್ದೇಶಕರು ಎಲ್ಲರನ್ನೂ ಕರೆದು, "ಹದಿನಾರು ವರ್ಷ ಕಣ್ರೀ! ನಮ್ಮ ಯಂತ್ರ ಮೂರು ವರ್ಷದ್ದು. ಇದನ್ನ ಹುಡುಕೋಕೆ ಸಮಾಜಕ್ಕೇ ಸಾಧ್ಯ" ಅಂದು ಚಪ್ಪಾಳೆ ಹೊಡೆಸಿದರು. ನೀರಮ್ಮನ ಕಣ್ಣು ತುಂಬಿತ್ತು. ತನ್ನ ಅಂಕಿಗಳ ಪಕ್ಕ ಹೊಲಿಗೆಯಮ್ಮನ ಅಂಕಿ ಇಟ್ಟು ನೋಡಿದಳಂತೆ, ಅರ್ಧ ಇಂಚಿನ ವ್ಯತ್ಯಾಸವೂ ಇಲ್ಲವಂತೆ.

"ಅಂಕ ಬದಲಾಗುತ್ತಾ ಹಾಗಾದ್ರೆ?" ಅಂತ ಕೇಳಿದೆ.

"ಆಳ ನನ್ನದು ಮೊದಲೇ ಸರಿ ಇತ್ತಲ್ಲ ಸರ್. ನಷ್ಟ ಸೊನ್ನೆ ಇರೋವರೆಗೂ ಗುಣಾಕಾರ ಸೊನ್ನೆನೇ."

ಮುಖಪುಟಕ್ಕೆ ಆ ಪುಸ್ತಕದ ಚಿತ್ರವನ್ನೇ ಹಾಕುತ್ತಾರಂತೆ. ಮುಖಪುಟದ ಮೇಲೆ ಅವಳ ಕೈಬರಹ, ಒಳಗೆ ಅವಳು ಸೊನ್ನೆ. ಎಲ್ಲರೂ ಕೈಕುಲುಕಿದರು. ಕೈ ತೊಳೆದುಕೊಂಡು ಬಂದೆ.

ಮೇ ೨೧, ಮಂಗಳವಾರ

ವರದಿಯ ಪ್ರತಿ ಬಂತು. ಹೆಂಡತಿ ಮುಖಪುಟ ನೋಡಿ, "ಚೆನ್ನಾಗಿದೆ. ಹಾಗಾದ್ರೆ ಈಯಮ್ಮನ ಬೀದಿಗೆ ಪಂಪು ಬರುತ್ತೆ" ಅಂದಳು.

"ಬರಲ್ಲ."

"ಯಾಕೆ?"

ಹೇಳಿದೆ. ಬಾಣ, ಖಾಲಿ, ಸೊನ್ನೆ, ಸಹನೆ, ಅನುಬಂಧ. ಹದಿನೈದು ದಿನದಿಂದ ಒಳಗಿದ್ದದ್ದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹತ್ತು ನಿಮಿಷದಲ್ಲಿ ಖಾಲಿಯಾಯಿತು. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ, ನಿಧಾನ ಮಾಡಿದಳು.

"ಹೋದ ಚಳಿಗಾಲದಲ್ಲಿ ನಾನು ಒಬ್ಬರಿಗೆ ತಪ್ಪು ಮಾತ್ರೆ ಕೊಟ್ಟಿದ್ದೆ, ನೆನಪಿದ್ಯಾ?"

ನೆನಪಿತ್ತು. ಗೊತ್ತಾದ ಕೂಡಲೇ ಕಿಟಕಿ ಹಾಗೇ ಬಿಟ್ಟು, ಚಪ್ಪಲಿಯಲ್ಲೇ ಬಸ್ಸಿನ ಹಿಂದೆ ಓಡಿ, ಎರಡನೇ ನಿಲ್ದಾಣದಲ್ಲಿ ಹತ್ತಿ, ಎಲ್ಲರ ಮುಂದೆ "ಅಜ್ಜಾ, ನಾನು ತಪ್ಪು ಕೊಟ್ಟೆ, ವಾಪಸ್ ಕೊಡಿ" ಅಂದಿದ್ದಳು. ಮೇಲಿನವರಿಂದ ಬೈಗುಳವೂ ತಿಂದಿದ್ದಳು.

"ಅವತ್ತು ನೀವು ನಕ್ಕಿದ್ರಿ. 'ಮಾತ್ರೆಗಾಗಿ ಯಾತ್ರೆ' ಅಂತ ಏನೋ ಅಂದ್ರಿ," ಅಂದಳು. "ನಮ್ಮಲ್ಲಿ ಹಾಗೇ ರೀ. ಓಡಿ ಹೋಗಿ ಇಸ್ಕೊಂಡು ಬರ್ತೀವಿ. ಅನುಬಂಧ ಬರೆಯಲ್ಲ."

ಆಮೇಲೆ ಹೆಚ್ಚಿದ್ದನ್ನೆಲ್ಲ ಬಾಣಲೆಗೆ ಹಾಕಿದಳು.

ಮೇ ೨೪, ಶುಕ್ರವಾರ

ಹೊಲಿಗೆಯಮ್ಮ ಕೋಟನ್ನು ತಾನೇ ಕಚೇರಿ ಬಾಗಿಲಿಗೆ ತಂದು ಕೊಟ್ಟಳು. "ನಾಳೆ ನಾನೂ ಬರ್ತೀನಿ ಮೇಷ್ಟ್ರೇ. ಕೋಟು ಹೆಗಲ ಮೇಲೆ ಹೇಗೆ ಕೂರುತ್ತೆ ನೋಡ್ಬೇಕು."

ಮೇ ೨೫, ಶನಿವಾರ

ಜನಕ್ಕೆ ಅನುಕೂಲ ಅಂತ ಶನಿವಾರ ಇಟ್ಟಿದ್ದರು. ಸಭಾಂಗಣದಲ್ಲಿ ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿದ್ದರು. ಹೊಲಿಗೆಯಮ್ಮ ಮೂರನೆಯ ಸಾಲಿನಲ್ಲಿ. ಸೂಜಿ ಇಲ್ಲದ ಬಾಯಿ ಬೇರೆಯವರದ್ದರ ಹಾಗೆ ಕಾಣುತ್ತಿತ್ತು.

ನಾನು ಮಾತಾಡುವ ಮೊದಲೇ ನಗರಸಭೆ ಅಧ್ಯಕ್ಷರು ಪಂಪು ಸಿಗುವ ನಾಲ್ಕು ಬೀದಿಗಳ ಪಟ್ಟಿ ಓದಿದರು. ಗೋಡೆಯ ಹತ್ತಿರದಿಂದ ಯಾರೋ, "ತಗ್ಗಿನ ಬೀದಿ ಯಾಕಿಲ್ಲ?" ಅಂತ ಕೂಗಿದರು. ಅಧ್ಯಕ್ಷರು ವರದಿಯ ನಾಲ್ಕನೆಯ ಅಧ್ಯಾಯ ತೆರೆದು ಕನ್ನಡಕ ಏರಿಸಿದರು. "ಕೇಳಿ, ತಜ್ಞರೇ ಬರೆದಿದಾರೆ. 'ದೀರ್ಘಕಾಲದ ರೂಢಿಯಿಂದಾಗಿ ಈ ಬೀದಿಯ ನಿವಾಸಿಗಳು ನೀರನ್ನು ನಷ್ಟವೆಂದು ಭಾವಿಸುವುದಿಲ್ಲ.' ನೀವೇ ಹೇಳಿರೋದು. ಸಮೀಕ್ಷೆ ಬಗ್ಗೆ ನೂರಕ್ಕೆ ತೊಂಬತ್ತಾರು ಜನ ತೃಪ್ತಿ ಅಂತಲೂ ಹೇಳಿದೀರಿ."

ನನ್ನ ವಾಕ್ಯ. ಕ್ರಿಯಾಪದ ಕೊನೆಯಲ್ಲಿ ಎಷ್ಟು ನೇರವಾಗಿ ನಿಂತಿತ್ತು.

ಹೊಲಿಗೆಯಮ್ಮ ಅಧ್ಯಕ್ಷರ ಕಡೆ ನೋಡುತ್ತಿರಲಿಲ್ಲ. ನನ್ನ ಎಡ ಹೆಗಲು ನೋಡುತ್ತಿದ್ದಳು, ಹೊಲಿಗೆ ಎಳೆಯುತ್ತಿದೆಯೇ ಅಂತ. ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ. ಆ ಅಧ್ಯಾಯ ಬರೆದವನು ನಾನೆಂದು ಅವಳಿಗೆ ಹೊಳೆದಿರಲಿಲ್ಲ.

ಎದ್ದು ನಿಂತೆ. ಏನು ಹೇಳಿದೆ ಅಂತ ಪೂರ್ತಿ ನೆನಪಿಲ್ಲ. ಇಷ್ಟು ನೆನಪಿದೆ: "ಅವರು ಹಾಗೆ ಹೇಳಲಿಲ್ಲ. ನಾನು ಕೇಳಲಿಲ್ಲ. ಕೇಳದೆ ಇದ್ದದ್ದನ್ನ ಅವರು ಹೇಳಲಿಲ್ಲ ಅಂತ ಬರೆದೆ. ತಪ್ಪು ನನ್ನದು. ಗೊತ್ತಾದ್ಮೇಲೂ ಸುಮ್ಮನಿದ್ದೆ." ಮೈಕು ಕಿರುಗುಟ್ಟಿತು. ಯಾರೋ ನಕ್ಕರು, ತಮಾಷೆ ಅಂದುಕೊಂಡು. ನಾನು ಮಾತಿಗೆ ನಿಂತರೆ ತಮಾಷೆ ಅಂತ ಊರಿಗೆ ಅಭ್ಯಾಸ.

ಮತ್ತೆ ಹೇಳಬೇಕಾಯಿತು. ಎರಡನೆಯ ಸಲ ಯಾರೂ ನಗಲಿಲ್ಲ.

ಮೇ ೨೭, ಸೋಮವಾರ

ಪಟ್ಟಿಯನ್ನು ಮೂರು ವಾರ ತಡೆಹಿಡಿದಿದ್ದಾರೆ. ತಗ್ಗಿನ ಬೀದಿಯ ತೊಂಬತ್ತಾರು ಮನೆಯಷ್ಟೇ ಅಲ್ಲ, ಹನ್ನೊಂದೂ ಬೀದಿ ಮತ್ತೆ ಕೇಳಬೇಕು. ಕೊನೆಗೆ ಪಂಪು ಯಾರಿಗೆ ಅಂತ ಈಗ ಯಾರಿಗೂ ಗೊತ್ತಿಲ್ಲ. ತೋಟದ ರಸ್ತೆಯವರು ನಿರ್ದೇಶಕರಿಗೆ ಪತ್ರ ಬರೆದಿದ್ದಾರೆ.

ನಿರ್ದೇಶಕರು ಬಾಗಿಲು ಹಾಕಿಕೊಂಡು ಮಾತಾಡಿದರು. 'ಸಮಾಜ' ಅನ್ನಲಿಲ್ಲ, 'ನೀವು' ಅಂದರು. ಯೋಜನೆಯಿಂದ ನನ್ನನ್ನು ಬಿಟ್ಟಿದ್ದಾರೆ. ಮರುಸಮೀಕ್ಷೆಗೆ ಕೇಳುವವರು ಕಡಿಮೆ ಬಿದ್ದಿದ್ದಾರೆ ಅಂತ ಗೊತ್ತಾಗಿ, ಒಬ್ಬ ಕೇಳುವವನಾಗಿ ಹೋಗಲೇ ಅಂದೆ. "ಹೋಗಿ. ಪುಟ ತಿರುವಬೇಡಿ" ಅಂದರು.

ನೀರಮ್ಮ ಮೊಗಸಾಲೆಯಲ್ಲಿ ಸಿಕ್ಕಳು. "ಅವತ್ತು ಪೆನ್ನು ಕೊಟ್ಟಿದ್ದೆ ಸರ್ ನಿಮಗೆ." ಅಷ್ಟೇ. ಬೂಟು ಎತ್ತಿಕೊಂಡು ಹೋದಳು.

ಜೂನ್ ೩, ಸೋಮವಾರ

ಹೊಸ ಪ್ರಶ್ನಾವಳಿಯಲ್ಲಿ ಬಾಣ ಇಲ್ಲ. ಬೆಳಿಗ್ಗೆ ಹತ್ತಕ್ಕೆ ನಲವತ್ತೊಂದನೆಯ ಮನೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗೆ ಹೋಗುವುದೇ ಬೇಡ ಅನ್ನಿಸಿತು. ಹೋದೆ.

ಹೊಲಿಗೆಯಮ್ಮ "ಬನ್ನಿ" ಅನ್ನಲಿಲ್ಲ. ಸ್ಟೂಲನ್ನು ಕಾಲಿನಿಂದ ಇತ್ತ ತಳ್ಳಿದಳು. ಮಿಷನ್ನು ನಿಲ್ಲಿಸಲಿಲ್ಲ.

ಹದಿನೆಂಟು ಕೇಳಿದೆ. ಅವಳು ಹೇಳಿದ್ದನ್ನು ಹಾಳೆಯಲ್ಲಿ ಬರೆದಿದ್ದೇನೆ, ಜಾಗ ಸಾಲದೆ ಹಿಂದಿನ ಪುಟದಲ್ಲೂ. ಕೆಲವನ್ನು ಇಲ್ಲೂ ಬರೆದಿಡುತ್ತೇನೆ.

"ನೀರು ಮೊದಲು ಬರೋದು ಬಾಗಿಲಿಂದ ಅಲ್ಲ. ಬಚ್ಚಲ ತೂತಿಂದ. ಗುಳುಗುಳು ಅಂತ ಸದ್ದು ಮೊದಲು, ಆಮೇಲೆ ವಾಸನೆ, ಆಮೇಲೆ ನೀರು. ಸದ್ದು ಕೇಳಿದ್ಮೇಲೆ ಇಪ್ಪತ್ತು ನಿಮಿಷ ಇರುತ್ತೆ. ಮೊದಲು ನಾದಿನಿ ಔಷಧಿ, ಆಮೇಲೆ ಗಿರಾಕಿ ಬಟ್ಟೆ, ಆಮೇಲೆ ಮಿಷನ್ನು. ನಮ್ಮ ಬಟ್ಟೆ ಕೊನೆಗೆ."

"ಉಪ್ಪುನೀರು ಕಣ್ರೀ. ಸೂಜಿ ತುಕ್ಕು ಹಿಡಿದ್ರೆ ಬಿಳಿ ಬಟ್ಟೆಗೆ ಕಲೆ. ಮದುವೆ ಬಟ್ಟೆ ಹೊಲಿಯೋದು ಬಿಟ್ಟುಬಿಟ್ಟೆ ಆರು ವರ್ಷದಿಂದ. ಒಬ್ಬಳ ಬಟ್ಟೆ ಹಾಳಾಯ್ತು. ಅವಳು ಏನೂ ಅನ್ನಲಿಲ್ಲ. ಅದೇ ಕಷ್ಟ ಆಯ್ತು."

"ರೂಢಿ ಆಗುತ್ತೆ ಅಂತ ಬರೆದಿದ್ರಲ್ಲ. ರೂಢಿ ಆಗಲ್ಲ ಮೇಷ್ಟ್ರೇ. ರೂಢಿ ಆಗಿದ್ರೆ ಯಾಕೆ ಬರೆದಿಡ್ತಿದ್ದೆ?"

ನಾದಿನಿಯನ್ನೂ ಕೇಳಿದೆ. ಪ್ರಶ್ನಾವಳಿಯಲ್ಲಿ ಮನೆಗೊಬ್ಬರು ಅಂತ ಇತ್ತು, ಇನ್ನೊಂದು ಹಾಳೆ ತೆಗೆದೆ. ಮೊದಲ ಸಲ ಅವಳು ತಮಾಷೆ ಮಾಡದೆ ಮಾತಾಡಿದಳು. ನೀರು ಬಂದ ದಿನ ಹೊತ್ತುಕೊಂಡು ಹೋಗುವಾಗ ಬೀದಿಯವರೆಲ್ಲ ನೋಡುತ್ತಾರಂತೆ. ಆಗ ಕಣ್ಣು ಮುಚ್ಚಿಕೊಳ್ಳುತ್ತಾಳಂತೆ, ತಾನು ನೋಡದಿದ್ದರೆ ಅವರೂ ನೋಡುತ್ತಿಲ್ಲ ಅಂತ. ಅದಕ್ಕೆ ಯಾವ ಚೌಕವೂ ಇರಲಿಲ್ಲ. ಅಂಚಿನಲ್ಲಿ ಬರೆದೆ.

ಒಂದು ಗಂಟೆ ದಾಟಿತ್ತು. ಹೊಲಿಗೆಯಮ್ಮ ಮಿಷನ್ನು ನಿಲ್ಲಿಸಿ ಆ ದಪ್ಪ ಪುಸ್ತಕ ಎಳೆದುಕೊಂಡಳು.

"ನಿಮ್ಮದು ಆಯ್ತಲ್ಲ. ಈಗ ನಾನು ಕೇಳ್ತೀನಿ. ನಿಮಗೆ ಗೊತ್ತಾಗಿದ್ದು ಯಾವಾಗ?"

"ಮೇ ಆರು."

"ನೀವು ಕೋಟು ತಗೊಳ್ಳೋಕೆ ಬಂದು ಅಲ್ಲಿ ಕೂತಿದ್ರಲ್ಲ, ಅದಕ್ಕೆ ಮುಂಚೆ."

"ಮುಂಚೆ."

"ಹೇಳಿದ್ದು?"

"ಇಪ್ಪತ್ತೈದು."

ಬೆರಳ ಗೆರೆಗಳ ಮೇಲೆ ಹೆಬ್ಬೆರಳು ಓಡಿಸಿ ಎಣಿಸಿದಳು. ನನ್ನ ಪುಟ ತೆರೆದಳು. 'ಪ್ರಶ್ನೆ ಮೇಷ್ಟ್ರು, ಕೋಟು, ಎದೆ ೪೧, ಹೆಗಲು ೧೮, ತೋಳು ೨೪.' ಅದರ ಕೆಳಗೆ, ನನಗೆ ಕಾಣುವ ಹಾಗೆ ಪುಸ್ತಕ ತಿರುಗಿಸಿ ಹಿಡಿದು, ಬರೆದಳು: 'ನಿಂತದ್ದು ೧೯ ದಿನ.'

"ಅಷ್ಟು ದಿನ ನಮ್ಮನೇಲಿ ನೀರೂ ನಿಂತಿಲ್ಲ ಕಣಮ್ಮ," ಅಂದಳು ನಾದಿನಿ ಮಂಚದ ಮೇಲಿಂದ.

ಹೊಲಿಗೆಯಮ್ಮ ಪುಸ್ತಕ ಮುಚ್ಚಿದಳು. ಸೂಜಿಗಳನ್ನು ಮತ್ತೆ ಬಾಯಿಗೆ ಇಟ್ಟುಕೊಂಡು, "ಕೋಟಿನ ಎಡ ಹೆಗಲು ಎಳೀತಿತ್ತು ಅವತ್ತು. ತಂದುಕೊಡಿ, ಬಿಚ್ಚಿ ಹೊಲೀತೀನಿ" ಅಂದಳು.

ಮನೆಗೆ ಬಂದು ಹಾಳೆಗಳನ್ನು ಜೋಡಿಸುವಾಗ ನೋಡಿದೆ. ಮೂವತ್ತೊಂದನೆಯ ಪ್ರಶ್ನೆ ಕೇಳಿರಲೇ ಇಲ್ಲ. ಅದರ ಮುಂದೆ 'ಕೇಳಲಿಲ್ಲ' ಅಂತ ಬರೆದೆ. ಸೊನ್ನೆ ಹಾಕಲಿಲ್ಲ.